ಓರೆಗಣ್ಣಿಗೆ ಸಿಕ್ಕ ಬೆಳಕು

ಸೂರಮ್ಮನ ಹಟ್ಟಿಯಲ್ಲಿ ಯುಗಾದಿಯ ಚಂದ್ರ ಮೊದಲು ಹುಟ್ಟುವುದು ಆಕಾಶದಲ್ಲಲ್ಲ, ಸೂರಮ್ಮನ ಬಾಯಲ್ಲಿ. ದೇವಸಮುದ್ರದಲ್ಲಿ ಬಸ್ಸಿಳಿದು ಹಳ್ಳ ದಾಟಿದರೆ ಸಿಗುವ ಆ ಹಟ್ಟಿಯ ಜನ, ಹಬ್ಬದ ಮರುದಿನ ಹೊತ್ತು ಮುಳುಗುತ್ತಿದ್ದಂತೆ ಕಣದ ಬಯಲಿಗೆ ಬಂದು ಪಡುವಣಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಕೂದಲೆಳೆಯಂಥ ಚಂದ್ರ ಎಲ್ಲಿದ್ದಾನೋ ಎಂದು ಕತ್ತು ನೋಯುವ ತನಕ ಹುಡುಕುತ್ತಾರೆ. ಸೂರಮ್ಮ ಬೆರಳೆತ್ತಿ “ಕಂಡ್ತು” ಅಂದಳೋ, ಅಲ್ಲಿಗೆ ವರ್ಷ ಶುರು. ಕೊಂಬು ಎತ್ತ ವಾಲಿದೆ, ಮಳೆ ಎತ್ತಲಿಂದ ಬಂದೀತು ಎಂಬುದನ್ನೂ ಅವಳೇ ಹೇಳಬೇಕು. ಆಮೇಲೆ ಕಿರಿಯರು ಹಿರಿಯರ ಕಾಲಿಗೆ ಬೀಳುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಆ ಹೊತ್ತಿಗೆ ಒಂದು ಮಾತಾಡಿ, ಮನೆಗೆ ಹೋಗುವಷ್ಟರಲ್ಲಿ ಮತ್ತೆ ಬಿಡುತ್ತಾರೆ.

ಸೂರಮ್ಮ “ಕಂಡ್ತು” ಅಂದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ “ಕಂಡ್ತು” ಅನ್ನುತ್ತಾರೆ. ಕಂಡವರೂ ಅನ್ನುತ್ತಾರೆ, ಕಾಣದವರೂ ಅನ್ನುತ್ತಾರೆ. ಮನೆ ಬಿಟ್ಟು ಹೋಗುವವರು “ಬರ್ತೀನಿ” ಅನ್ನುವುದಿಲ್ಲವೇ, ಹಾಗೆ. ಚಂದ್ರನ ವಿಷಯದಲ್ಲಿ “ಕಾಣ್ಲಿಲ್ಲ” ಎಂಬ ಮಾತು ಆ ಹಟ್ಟಿಯ ನಾಲಿಗೆಗೆ ಹೊರಳುವುದೇ ಇಲ್ಲ. ಕಾಣಲಿಲ್ಲ ಅಂದವನಿಗೆ ವರ್ಷಪೂರ್ತಿ ಏನೂ ಕಾಣುವುದಿಲ್ಲ, ಉಣ್ಣುವ ಮುದ್ದೆಯೂ ಸೇರಿ, ಎಂದು ಹಿರಿಯರ ಮಾತು. ಮುದ್ದೆಯ ಮೇಲೆ ಆಣೆ ಇಟ್ಟ ಮೇಲೆ ನಿಜ ಹೇಳುವ ಗಂಡಸು ಯಾವನಿದ್ದಾನೆ?

ಅಂಥ ಸೂರಮ್ಮನ ಕಣ್ಣಿನ ನಡುಭಾಗ ಹೋಗಿ ಎರಡು ವರ್ಷವಾಗಿತ್ತು, ಅದು ಊರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಪೊರೆ ತೆಗೆಸಿಕೊಂಡು ಬಂದಾಗ ಲೋಕ ತೊಳೆದಿಟ್ಟ ಹಾಗೆ ಕಂಡಿತ್ತು. ವರ್ಷ ಕಳೆಯುವುದರೊಳಗೆ ನಡುವೆ ಒಂದು ಮಬ್ಬು ಬಂದು ಕೂತಿತು. ಒಬ್ಬಳೇ ಚಳ್ಳಕೆರೆಗೆ ಹೋಗಿ ಕ್ಯಾಂಪಿನಲ್ಲಿ ತೋರಿಸಿದರೆ, ಡಾಕ್ಟರು ಬೆಳಕು ಬಿಟ್ಟು ನೋಡಿ, “ಇದು ಪೊರೆ ಅಲ್ಲಮ್ಮ. ಕಣ್ಣಿನ ಹಿಂದಿನ ಪರದೆ ನಡುವೆ ಸವೆದುಹೋಗೈತೆ. ಇದಕ್ಕೆ ಆಪರೇಷನ್ ಇಲ್ಲ” ಅಂದರು. ಸೂರಮ್ಮನಿಗೆ ಗೊತ್ತಿದ್ದ ಪರದೆ ಟೆಂಟ್ ಸಿನಿಮಾದ್ದು. ಅದರ ನಟ್ಟನಡುವೆ ತೂತು ಬಿದ್ದರೆ ಸುತ್ತಲಿನ ಗಿಡ ಮರ ಕಾಣುತ್ತದೆ, ಹೀರೋನ ಮುಖವೇ ಇರುವುದಿಲ್ಲ. ಅವಳಿಗೆ ಆದದ್ದೂ ಅದೇ. ಎದುರು ನಿಂತವರಿಗೆ ಕೈಯಿತ್ತು, ಕಾಲಿತ್ತು, ಸೀರೆಯ ಸೆರಗಿತ್ತು, ಮುಖ ಇರಲಿಲ್ಲ. ಮೊಮ್ಮಗಳು ತೇಜಶ್ರೀ ಕನ್ನಡಕ ಹಾಕಿಕೊಂಡಿದ್ದಾಳೆ ಎಂದು ಸೊಸೆ ಹೇಳಿ ಗೊತ್ತು. ಆ ಕನ್ನಡಕದ ಹುಡುಗಿಯನ್ನು ಅವಳು ಒಂದು ದಿನವೂ ನೋಡಿರಲಿಲ್ಲ.

ಕಣ್ಣಿನ ಮೂಲೆಯಲ್ಲಿ ಮಾತ್ರ ಆಗೀಗ ಏನಾದರೊಂದು ಮಿಣುಕುತ್ತಿತ್ತು. ತಿರುಗಿ ನೋಡಿದರೆ ಇಲ್ಲ. ತಿರುಗಿ ನೋಡಿದರೆ ಇಲ್ಲದ್ದು ದೆವ್ವವಲ್ಲದೆ ಮತ್ತೇನು? ಅದೂ ಅಲ್ಲದೆ ಓರೆಗಣ್ಣು ಕಳ್ಳರ ಕಣ್ಣು, ಮನುಷ್ಯರು ನೇರ ನೋಡಬೇಕು ಎಂದು ಸೂರಮ್ಮನ ತಾಯಿ ಅವಳ ಗದ್ದ ಹಿಡಿದು ಕಲಿಸಿದ್ದಳು. ಹೀಗಾಗಿ ಮೂಲೆಗೆ ಬಂದದ್ದನ್ನೆಲ್ಲ ಅವಳು ತಿರುಗಿ ನೋಡಿ ನೋಡಿ ಕಳೆದುಕೊಳ್ಳುತ್ತಿದ್ದಳು. ಹೋದೆರಡು ಯುಗಾದಿಗಳಲ್ಲಿ ಚಂದ್ರನೂ ಹಾಗೇ ಮೂಲೆಯಲ್ಲೊಮ್ಮೆ ಮಿಂಚಿ, ತಿರುಗಿದ ಕೂಡಲೇ ಮಾಯವಾಗಿದ್ದ. ಊರೆಲ್ಲ ಕಾಯುತ್ತಿತ್ತು. ಅವಳು “ಕಂಡ್ತು” ಅಂದುಬಿಟ್ಟಿದ್ದಳು. ಅದರ ಮೇಲೆ ಹೋದ ವರ್ಷ ಮಳೆ ಕೈಕೊಟ್ಟಿತು. ಬಿತ್ತಿದ ಶೇಂಗಾ ನೆಲದಲ್ಲೇ ಹುರಿದುಹೋಯಿತು. ಊರಿನವರು ದೇವರನ್ನು ಬೈದರು, ಸರ್ಕಾರವನ್ನು ಬೈದರು. ಸೂರಮ್ಮ ಮಾತ್ರ ಒಳಗೊಳಗೇ ತನ್ನ ನಾಲಿಗೆಯನ್ನು ಬೈದುಕೊಂಡಳು. ದೇವರ ವಿಷಯದಲ್ಲಿ ಸುಳ್ಳಾಡಿದ್ದೇ ಇದಕ್ಕೆಲ್ಲ ಕಾರಣ ಎಂದು ಅವಳ ಎದೆ ನಂಬಿಬಿಟ್ಟಿತ್ತು.

ಈ ಸಲ ಮತ್ತೆ ಸುಳ್ಳು ಹೇಳುವುದು ಆಗದ ಮಾತು. ನಿಜ ಹೇಳಿದರೋ, ಸೂರಮ್ಮನಿಗೇ ಕಾಣಲಿಲ್ಲ ಎಂದು ಊರಿಗೆ ಊರೇ ಹೆದರಿ ಕೂರುತ್ತದೆ. ಅದಕ್ಕೇ ಅವಳು ಕಳ್ಳದಾರಿ ಹುಡುಕಿಕೊಂಡಿದ್ದಳು. ತಳಕಿನಲ್ಲಿರುವ ತಂಗಿ ಚಿಕ್ಕಕ್ಕನಿಗೆ ಮಂಡಿನೋವು ಜೋರಾಗಿದೆ, ನೋಡಿಕೊಳ್ಳಲು ಹೋಗಬೇಕು ಎಂದು ಮನೆಯಲ್ಲಿ ಹೇಳಿ, ಭಾನುವಾರ ಬೆಳಗಿನ ಬಸ್ಸಿಗೆಂದು ಚೀಲ ತುಂಬಿಟ್ಟಿದ್ದಳು. ಹಬ್ಬ ಇದ್ದದ್ದು ಬುಧವಾರ. ಚಿಕ್ಕಕ್ಕನ ಮಂಡಿ ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿತ್ತು, ಆ ಮಾತು ಬೇರೆ.

ಅದು ಎರಡು ಸಾವಿರದ ಮೂರನೇ ಇಸವಿ. ಭಾನುವಾರಕ್ಕೆ ಮುಂಚಿನ ಶನಿವಾರ ಸಂಜೆ ತೇಜಶ್ರೀ ಊರಿಗೆ ಬಂದಳು. ಅವಳು ಚಳ್ಳಕೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಎಂಎಸ್ಸಿ ಓದುವಾಗ ಗೆಳತಿಯರೊಂದಿಗೆ ತಿಂಗಳುಗಟ್ಟಲೆ ಗಾಜು ತಿಕ್ಕಿ, ಊಟದ ತಟ್ಟೆಗಿಂತ ಅಗಲವಾದ ಕನ್ನಡಿ ಮಾಡಿ, ಅದನ್ನು ಉದ್ದನೆಯ ಪ್ಲೈವುಡ್ ಪೆಟ್ಟಿಗೆಯ ತಳಕ್ಕೆ ಕೂರಿಸಿ ದೂರದರ್ಶಕ ಕಟ್ಟಿಕೊಂಡಿದ್ದಳು. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳ ದೀಪ, ಪೇಟೆಯ ದೀಪ. ಹಾಗಾಗಿ ಪೆಟ್ಟಿಗೆ ಅಜ್ಜಿಯ ಮನೆಯ ಕಾಳಿನ ಕೋಣೆಯಲ್ಲಿತ್ತು. ಚಿತ್ರದುರ್ಗದ ಕೋಟೆ ನೋಡಿ ಬಂದವರು ಅದಕ್ಕೆ ಪಿರಂಗಿ ಎಂದು ಹೆಸರಿಟ್ಟಿದ್ದರು. ಅಮಾವಾಸ್ಯೆ ಹತ್ತಿರವಾದಾಗಲೆಲ್ಲ ಹುಡುಗಿ ಬಂದು ಪಿರಂಗಿಯನ್ನು ಕಣಕ್ಕೆ ತಳ್ಳಿಕೊಂಡು ಹೋಗುವುದು, ಹಟ್ಟಿಯವರು ಅದನ್ನು ನೋಡಿ ನಗುವುದು ವಾಡಿಕೆಯಾಗಿತ್ತು.

ಅವತ್ತು ಇನ್ನೂ ಕಾಫಿಯ ಲೋಟ ಕೆಳಗಿಟ್ಟಿರಲಿಲ್ಲ, ಅಂಗಡಿ ಪಾತಣ್ಣ ಬೀದಿಯಿಂದಲೇ ಕೂಗಿದ.

“ತೇಜಮ್ಮಾ, ಫೋನು! ಯಾರೋ ಮಾರುತೇಶ್ ಅಂತೆ. ಏನೋ ಬರ್ಸ್ಟ್ ಆಗೈತೆ ಅಂತಾನೆ, ಬೇಗ ಬಾ!”

ಬಸ್ಸಿನ ಟೈರು ಬರ್ಸ್ಟ್ ಆಗಿ ಯಾರಿಗೆ ಏನಾಯಿತೋ ಎಂದು ಸೂರಮ್ಮನ ಮಗ ಎರ್ರಿಸ್ವಾಮಿಯೂ ಹಿಂದೆಯೇ ಓಡಿದ. ಮಾರುತೇಶ್ ತೇಜಶ್ರೀಯ ಜೊತೆ ಓದಿದವನು, ದೂರದ ಬೆಟ್ಟದ ಮೇಲಿನ ಒಂದು ವೇಧಶಾಲೆಯಲ್ಲಿ ಕೆಲಸಕ್ಕಿದ್ದ. ತಿರುಗಿ ಬರುವಾಗ ತೇಜಶ್ರೀಯ ಚಪ್ಪಲಿಯ ಸದ್ದು ಬೇರೆಯೇ ಆಗಿತ್ತು. ಆ ಸದ್ದಿನಲ್ಲೇ ಸೂರಮ್ಮನಿಗೆ ಏನೋ ದೊಡ್ಡದು ನಡೆದಿದೆ ಎಂದು ಗೊತ್ತಾಯಿತು.

“ಅಪ್ಪ, ಪಿರಂಗಿ ಹಿಡಿ, ಕಣಕ್ಕೆ ಒಯ್ಯಬೇಕು. ಅಜ್ಜಿ, ನೀನೂ ಬಾ. ಮಾರುತೇಶ್ ಇರೋ ಬೆಟ್ಟದ ಮೇಲೆ ಮೋಡ ಕವಿದೈತಂತೆ. ನೀನೇ ನೋಡಿ ಹೇಳು ಅಂದ. ನಮಗೆ ಇಲ್ಲಿ ಒಂದು ಚೂರೂ ಮೋಡ ಇಲ್ಲ!”

ಮೋಡ ಇಲ್ಲ ಎಂದು ಆ ತಾಲ್ಲೂಕಿನಲ್ಲಿ ಯಾರಾದರೂ ಕುಣಿದದ್ದು ಅದೇ ಮೊದಲು.

ಕರೆಂಟು ಹೋಗಿತ್ತು. ಹೊತ್ತು ಮುಳುಗಿ ಕತ್ತಲೆ ಗಟ್ಟಿಯಾಗುತ್ತಿತ್ತು. ತೇಜಶ್ರೀ ಪಿರಂಗಿಯ ಬಾಯನ್ನು ಮೂಡಣ ನೆತ್ತಿಯ ಕಡೆಗೆ, ಮಖೆಗೂ ಹುಬ್ಬೆಗೂ ನಡುವಿನ ಜಾಗಕ್ಕೆ ತಿರುಗಿಸಿದಳು. ಆ ಎರಡು ನಕ್ಷತ್ರಗಳನ್ನು ಸೂರಮ್ಮ ಬಲ್ಲಳು. ಮಖೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು. ತೇಜಶ್ರೀ ಬಗ್ಗಿ, ಉಸಿರು ಹಿಡಿದು, ಬಹಳ ಹೊತ್ತು ನೋಡಿದಳು. ಆಮೇಲೆ ಮಾತಿಲ್ಲದೆ ಕಣದ ಅಂಚಿಗೆ ಹೋಗಿ, ನೆಲದ ಮೇಲೆ ಏನೋ ಕಲ್ಲು ಜೋಡಿಸಿ, ಅದರ ಮೇಲೊಂದು ಬುಟ್ಟಿ ಬೋರಲು ಹಾಕಿದಳು.

“ಇದನ್ನ ಯಾರೂ ಮುಟ್ಟಬ್ಯಾಡ್ರಿ” ಅಂದಳು. “ಇವತ್ತು ಸಂಜೆ ಐದರ ಹೊತ್ತಿಗೆ ಆಕಾಶದಲ್ಲಿ ಒಂದು ಗಾಮಾ ಕಿರಣದ ಸ್ಫೋಟ ಆಗಿದ್ದು ಉಪಗ್ರಹಕ್ಕೆ ಸಿಕ್ಕೈತೆ. ಅದರ ಹಿಂದೆ ಉಳಿದ ಬೆಳಕು ಈಗಲೂ ಐತಾ, ಎಷ್ಟು ಹೊಳೀತೈತೆ ಅಂತ ಹೇಳಬೇಕು. ಗಳಿಗೆ ಗಳಿಗೆಗೂ ಅದು ಮಂಕಾಗ್ತಾ ಹೋಗ್ತೈತೆ. ನಂಗೆ ಕಂಡಂಗೆ ಐತೆ. ಆದ್ರೆ ಎಲ್ಲಿ ಇರಬೇಕು ಅಂತ ನಂಗೆ ಮೊದಲೇ ಗೊತ್ತು. ಗೊತ್ತಿದ್ದ ಕಣ್ಣು ಇಲ್ಲದ್ದನ್ನೂ ತೋರಿಸಿಬಿಡ್ತೈತೆ. ಗೊತ್ತಿಲ್ಲದ ಇನ್ನೊಂದು ಕಣ್ಣು ಬೇಕು ಅಂದಿದಾನೆ ಮಾರುತೇಶ್.”

ಕಣ್ಣಿಗೇನು ಬರ? ಅಷ್ಟರಲ್ಲಿ ಅರ್ಧ ಹಟ್ಟಿ ಕಣದಲ್ಲಿತ್ತು. ಮೊದಲು ಪಾತಣ್ಣ ಬಂದ.

“ಒಳಗೆ ಮೂರು ಚುಕ್ಕಿ ಒಲೆಗುಂಡಿನ ಹಂಗೆ ಕೂತವೆ, ಪಾತಣ್ಣ. ಅವು ಬಿಟ್ಟು ಬೇರೆ ಏನಾದ್ರೂ ಐತಾ ನೋಡು.”

ಪಾತಣ್ಣ ಕಣ್ಣಿಟ್ಟಿದ್ದೇ, “ಕಂಡ್ತು, ಕಂಡ್ತು!” ಅಂದ.

“ಏನು ಕಂಡ್ತು?”

“ನೀನು ಏನು ಹೇಳ್ತೀಯೋ ಅದು.”

“ಎಲ್ಲಿ ಐತೆ?”

“ಮ್ಯಾಲೆ.”

ಎರ್ರಿಸ್ವಾಮಿ ಗಾಜಿಗೆ ಇಟ್ಟ ಕಣ್ಣನ್ನೇ ಭದ್ರವಾಗಿ ಮುಚ್ಚಿಕೊಂಡು “ಕಂಡ್ತು ಮಗಳೇ” ಅಂದ. ಪಕ್ಕದ ಮನೆಯ ವೀರಮ್ಮ ಗಾಜಿಗೆ ಕಣ್ಣಿಡುವ ಮುಂಚೆಯೇ ಅಂದಳು, ಅಂದು ಕೈಮುಗಿದಳು. ಒಬ್ಬರಾದ ಮೇಲೊಬ್ಬರು ಬಂದರು. ಎಲ್ಲರಿಗೂ ಕಂಡಿತು. ಎಷ್ಟು ಚುಕ್ಕಿ ಎಂದು ಕೇಳಿದರೆ ಕೆಲವರಿಗೆ ಎರಡು, ಕೆಲವರಿಗೆ ಹತ್ತು. ಯಾರ ಮನಸ್ಸಿನಲ್ಲೂ ಮೋಸವಿರಲಿಲ್ಲ. ಆಕಾಶ ತೋರಿಸಿ “ಐತಾ?” ಎಂದು ಕೇಳಿದರೆ ಆ ಹಟ್ಟಿಯಲ್ಲಿ ಇರುವುದು ಒಂದೇ ಉತ್ತರ. ಹುಡುಗಿಗೆ ಕೆಟ್ಟದ್ದಾಗದಿರಲಿ ಎಂದು ಅವರೆಲ್ಲ ಪ್ರೀತಿಯಿಂದಲೇ ಅವಳ ಕೆಲಸ ಕೆಡಿಸುತ್ತಿದ್ದರು.

ತೇಜಶ್ರೀಗೆ ಅಳು ಬಂತು. “ಅಯ್ಯೋ, ಕಾಣದಿದ್ರೆ ಕಾಣ್ಲಿಲ್ಲ ಅನ್ರಪ್ಪ! ಅದೂ ನಂಗೆ ಬೇಕು. ಒಬ್ರಾದ್ರೂ ನಿಜ ಹೇಳ್ರಿ.” ಆಮೇಲೆ ಅಜ್ಜಿಯ ಕೈ ಹಿಡಿದುಕೊಂಡಳು. “ಅಜ್ಜಿ, ನೀನು ಹೇಳು. ಕೂದಲಿನಂಥ ಚಂದ್ರನ್ನ ಹುಡುಕಿ ತೆಗೆಯೋಳು ನೀನು. ನೀನು ಐತೆ ಅಂದ್ರೆ ಐತೆ, ಇಲ್ಲ ಅಂದ್ರೆ ಇಲ್ಲ.”

ಸೂರಮ್ಮನಿಗೆ ತಪ್ಪಿಸಿಕೊಳ್ಳಲು ಬಸ್ಸು ಇದ್ದದ್ದು ಬೆಳಿಗ್ಗೆ. ವಿಧಿ ಬಂದದ್ದು ಸಂಜೆ.

ಮೊಮ್ಮಗಳ ಹೆಗಲು ಹಿಡಿದು ಅವಳು ಗಾಜಿಗೆ ಕಣ್ಣಿಟ್ಟಳು. ನೇರ ನೋಡಿದಳು. ನಡುವೆ ಅದೇ ಮಬ್ಬು, ಒಲೆಗುಂಡಿಲ್ಲ, ಬೆಂಕಿಯಿಲ್ಲ, ಏನೂ ಇಲ್ಲ. ಹಿಂದೆ ಹಟ್ಟಿಯ ಜನ ಉಸಿರು ಬಿಗಿಹಿಡಿದು ನಿಂತಿದ್ದರು, ಯುಗಾದಿಯ ಹಾಗೆಯೇ. “ಕಂಡ್ತು” ಎಂಬ ಮಾತು ನಾಲಿಗೆಯ ತುದಿಗೆ ತಾನಾಗಿ ಬಂತು. ಅಂದುಬಿಟ್ಟರೆ ಎಲ್ಲ ಸಲೀಸು. ಆದರೆ ಹೆಗಲ ಮೇಲಿಟ್ಟ ಕೈಗೆ ಹುಡುಗಿಯ ನಡುಕ ತಾಗುತ್ತಿತ್ತು. ಅವಳು ಕೇಳಿದ್ದು ಒಂದು ನಿಜ. ಸುಳ್ಳು ಹೇಳಿ ಊರಿನ ಮಳೆ ಕಳೆದದ್ದಾಯಿತು, ಈ ಮಗುವಿನ ಬೆಳಕನ್ನೂ ಕಳೆಯಲೇ?

“ಕಾಣ್ಲಿಲ್ಲ” ಅಂದಳು ಸೂರಮ್ಮ.

ಯಾರೋ “ಬಿಡ್ತು ಅನ್ನು, ಬಿಡ್ತು ಅನ್ನು” ಎಂದು ಪಿಸುಗುಟ್ಟಿದರು. ವೀರಮ್ಮ, “ಸೂರಕ್ಕ, ಏನು ಮಾತು ಅಂತ ಆಡ್ತೀಯಾ? ಇನ್ನೊಂದು ಸಲ ನೋಡೇ!” ಅಂದಳು.

“ಎಷ್ಟು ಸಲ ನೋಡಿದ್ರೂ ಅಷ್ಟೇ ಕಣೇ.” ಸೂರಮ್ಮ ಜನರ ಕಡೆ ತಿರುಗಿದಳು. ಮುಖಗಳಿಲ್ಲದ ಜನ. “ಎರಡು ವರ್ಷದಿಂದ ನಂಗೆ ನೇರ ಇರೋದು ಏನೂ ಕಾಣಲ್ಲ. ಕಣ್ಣಿನ ನಡುಮಧ್ಯ ಸತ್ತೋಗೈತೆ. ಹೋದೆರಡು ಯುಗಾದಿಗೂ ಮೂಲೆಯಾಗೆ ಏನೋ ಮಿಣುಕ್ತು, ತಿರುಗಿ ನೋಡಿದ್ರೆ ಇರ್ಲಿಲ್ಲ. ಆದ್ರೂ ಕಂಡ್ತು ಅಂದೆ. ನನ್ನ ಸುಳ್ಳಿಗೇ ಮಳೆ ಹೋಯ್ತು. ನಾಳೆ ತಳಕಿಗೆ ಓಡಿಹೋಗಾಕೆ ಚೀಲಾನೂ ಕಟ್ಟೀನಿ. ಇನ್ನು ಚಂದ್ರನ್ನ ವೀರಮ್ಮನೇ ನೋಡ್ಲಿ.”

ಹೇಳಿ ಮುಗಿಸಿದ ಮೇಲೆ ಅವಳಿಗೆ ನಾಚಿಕೆಗಿಂತ ಹೆಚ್ಚಾಗಿ ಹಗುರವೆನಿಸಿತು. ಮಗ ಬೈಯಬಹುದು, ವೀರಮ್ಮ ಒಳಗೇ ಹಿಗ್ಗಬಹುದು ಎಂದೆಲ್ಲ ಕಾದಳು. ಆದರೆ ಮೊದಲು ಮಾತಾಡಿದವಳು ತೇಜಶ್ರೀ. ಅವಳ ದನಿಯಲ್ಲಿ ಮರುಕದ ಬದಲು ಒಂದು ವಿಚಿತ್ರ ಆತುರವಿತ್ತು.

“ಮೂಲೆಯಾಗೆ ಮಿಣುಕಿ, ತಿರುಗಿದ್ರೆ ಮಾಯ ಆಗ್ತೈತಾ ಅಜ್ಜಿ? ಹಂಗಾದ್ರೆ ತಿರುಗಬ್ಯಾಡ! ಮಂಕಾದ ನಕ್ಷತ್ರನ ಯಾರೂ ನೇರ ನೋಡಲ್ಲ. ನಮ್ಮ ಕೆಲಸದಾಗೆ ಮೊದಲ ದಿನ ಕಲಿಸೋದೇ ಅದು. ಕಣ್ಣಿನ ನಡುಭಾಗ ಹಗಲಿಗೆ ಮಾಡಿದ್ದು. ಕತ್ತಲಾಗೆ ಸಣ್ಣ ಬೆಳಕು ಹಿಡಿಯೋದು ಅಂಚು. ನಾನೂ ಈಗ ಓರೆಗಣ್ಣಲ್ಲೇ ನೋಡಿದ್ದು.”

“ಓರೆಗಣ್ಣು ಕಳ್ಳರ ಕಣ್ಣು ಕಣೇ.”

“ಹೊಸ ಸೊಸೆ ಮಾವನ್ನ ಹೆಂಗೆ ನೋಡ್ತಾಳೆ ಅಜ್ಜಿ? ಅದೇನು ಕಳ್ಳತನಾನಾ? ಹಂಗೆ ನೋಡು. ಗಾಜಿನ ಅಂಚಿಗೆ ನೋಟ ಇಡು, ನಡುವಿಗೆ ಚುಕ್ಕಿ ತಾನಾಗೇ ಬರ್ತೈತೆ. ಬಂದ್ರೆ ಬೆನ್ನಟ್ಟಬ್ಯಾಡ.”

ಸೂರಮ್ಮ ಮತ್ತೆ ಬಗ್ಗಿದಳು. ಐವತ್ತು ವರ್ಷದ ಹಿಂದೆ ಮೊಳಕಾಲ್ಮೂರಿನ ಸೀರೆ ಉಟ್ಟು ಈ ಹಟ್ಟಿಗೆ ಬಂದ ಹೊಸತರಲ್ಲಿ, ಸೆರಗಿನ ಸಂದಿಯಿಂದ ಪಡಸಾಲೆಯ ಕಡೆ ಹಾಯಿಸುತ್ತಿದ್ದ ನೋಟವನ್ನು ನೆನಪಿನಿಂದ ಹುಡುಕಿ ತೆಗೆದಳು. ನೋಟವನ್ನು ಬಲಕ್ಕೆ ಸರಿಸಿ ಅಲ್ಲೇ ನಿಲ್ಲಿಸಿದಳು. ಮಬ್ಬು ಪಕ್ಕಕ್ಕೆ ಜರುಗಿತು. ಮೊದಲು ಕತ್ತಲೆ ಬಂತು, ಒಳ್ಳೆಯ ಕರೀ ಕತ್ತಲೆ. ಆಮೇಲೆ ಒಂದು ಚುಕ್ಕಿ ಬಂತು. ಇನ್ನೆರಡು ಬಂದವು, ಮೂರೂ ಒಲೆಗುಂಡಿನ ಹಾಗೆ. ತಿರುಗಿ ನೋಡಬೇಕೆಂದು ಕತ್ತಿನ ನರ ಜಗ್ಗಿತು. ಅವಳು ತಿರುಗಲಿಲ್ಲ. ಆಗ ಒಲೆಯ ಬಾಯಿಯಲ್ಲಿ, ಎರಡು ಗುಂಡುಗಳ ನಡುವೆ ಚೂರು ಹೊರಗೆ, ನಾಲ್ಕನೆಯದು ಮೆಲ್ಲಗೆ ಬಂದು ನಿಂತಿತು. ಬಂದದ್ದು ಹೋಗಲಿಲ್ಲ.

“ನಾ ತಲ್ಲಿ” ಅಂದಳು ಸೂರಮ್ಮ, ‘ನನ್ನವ್ವ’ ಎಂಬ ತವರಿನ ತೆಲುಗು ಮಾತು ತಾನಾಗಿ ಬಾಯಿಗೆ ಬಂದು. ಆಮೇಲೆ, “ಮೊರ ತಗಂಬಾರೇ ಯಾರಾದ್ರೂ. ನಾಕು ಶೇಂಗಾ ಬೀಜ ತಾ.”

ಒಂದು ಸಲ ನೋಡುವುದು, ಒಂದು ಬೀಜ ಇಡುವುದು. ಹೀಗೆ ಅವಳು ಮೊರದ ಮೇಲೆ ಬೆರಳಲ್ಲೇ ತಡವಿ ನಾಲ್ಕು ಬೀಜ ಜೋಡಿಸಿದಳು. “ಈ ಒಲೆಬಾಯಾಗಿಂದು ಬಲಗುಂಡಿಗಿಂತ ಚೂರು ಜೋರು. ಎಡಗುಂಡಿನಷ್ಟಿಲ್ಲ.”

ತೇಜಶ್ರೀ ಬ್ಯಾಟರಿಗೆ ಕೆಂಪು ಬಟ್ಟೆ ಸುತ್ತಿ ಹಿಡಿದು, ಕಣದ ಅಂಚಿನ ಬುಟ್ಟಿಯನ್ನು ಎತ್ತಿದಳು. ಕೆಳಗೆ ನಾಲ್ಕು ಕಲ್ಲು. ಮೊರವನ್ನು ಪಕ್ಕದಲ್ಲಿಟ್ಟಳು. ಮೂರು ಒಲೆಗುಂಡು ಅಲ್ಲೂ ಅವೇ, ಇಲ್ಲೂ ಅವೇ. ನಾಲ್ಕನೆಯದು ಅಲ್ಲೂ ಒಲೆಬಾಯಿಗೆ, ಇಲ್ಲೂ ಒಲೆಬಾಯಿಗೆ. ಜನ ಬಗ್ಗಿ ಬೀಜವನ್ನೂ ಕಲ್ಲನ್ನೂ ಬೆರಳಿಟ್ಟು ಎಣಿಸಿ ನೋಡಿದರು.

ಕೊನೆಗೆ ಪಾತಣ್ಣನೇ ಮಾತಾಡಿದ. “ಅಂದ್ರೆ ದೊಡ್ಡವ್ವ, ಹೋದೆರಡು ವರ್ಷ ನೀನು ಮೂಲೆಯಾಗೆ ಕಂಡ ಚಂದ್ರನೂ ನಿಜಾನೇ. ಸುಳ್ಳು ಹೇಳಿಲ್ಲ ನೀನು. ಮಳೆ ಬರ್ಲಿಲ್ಲ ಅಂದ್ರೆ ಅದು ಮಳೆ ತಪ್ಪು!”

ಜನ ಗೊಳ್ಳೆಂದು ನಕ್ಕರು. ಸೂರಮ್ಮ ನಗಲು ಹೋಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಗು ಅಳುವಾಗಿ ತಿರುಗಿತ್ತು.

ತೇಜಶ್ರೀ ಫೋನು ಮಾಡಿ ಬಂದಾಗ ಜನ ಉಣ್ಣಲು ಮನೆಗಳಿಗೆ ಹೋಗಿದ್ದರು. ಸೂರಮ್ಮ, ಎರ್ರಿಸ್ವಾಮಿ ಇಬ್ಬರೇ ಕಣದಲ್ಲಿ ಕೂತಿದ್ದರು.

“ಏನು ಮಗಳೇ ಅದು? ನಾವು ನೋಡಿದ್ದು ಏನು?” ಎಂದು ಕೇಳಿದಳು ಸೂರಮ್ಮ.

“ದೊಡ್ಡ ನಕ್ಷತ್ರ ಒಂದು ಸತ್ತಾಗ ಹಿಂಗೆ ಆಗ್ತೈತೆ ಅಂತ ತಿಳಿದೋರ ಊಹೆ ಅಜ್ಜಿ. ಗಟ್ಟಿ ಸಾಕ್ಷಿ ಇನ್ನೂ ಸಿಕ್ಕಿಲ್ಲ. ನಮ್ಮ ಸೂರ್ಯನಂಥವು ಇಪ್ಪತ್ತು ಮೂವತ್ತು ಸೇರಿಸಿದ್ರೆ ಎಷ್ಟೋ ಅಷ್ಟು ದೊಡ್ಡದು. ಒಳಗೆ ಉರಿಯೋ ಸೌದೆ ಮುಗೀತೈತೆ. ಮುಗಿದ ಕೂಡ್ಲೇ ಹೊಟ್ಟೆ ತನ್ನೊಳಗೆ ತಾನೇ ಕುಸೀತೈತೆ, ಚಿಟಿಕೆ ಹೊಡೆಯೋದ್ರಾಗೆ. ಕುಸಿದ ಜಾಗದಾಗೆ ಬೆಳಕೂ ಹೊರಗೆ ಬರಾಕಾಗದಂಥ ಕಪ್ಪು ಕುಳಿ. ಮೇಲಿಂದ ಬೀಳೋದೆಲ್ಲ ಅದರ ಸುತ್ತ ಗಿರಗಿರ ತಿರುಗಿ ಒಳಗೆ ಹೋಗ್ತೈತೆ. ಎಲ್ಲನೂ ಹೋಗಲ್ಲ. ಒಂದಿಷ್ಟು ಮೇಲಕ್ಕೊಂದು ಕೆಳಕ್ಕೊಂದು ಧಾರೆಯಾಗಿ ಚಿಮ್ಮತೈತೆ. ಜೆಟ್ ಅಂತೀವಿ ನಾವು.”

“ಬೋರ್ ಕೊರೆಸುವಾಗ ನೀರು ಚಿಮ್ಮಿದಂಗಾ?” ಎರ್ರಿಸ್ವಾಮಿ ಕೇಳಿದ.

“ಹಂಗೇ ಅಪ್ಪ. ಆದ್ರೆ ಇಲ್ಲಿ ಕೊರೆಯೋದೂ ಅದೇ, ಚಿಮ್ಮೋದೂ ಅದೇ. ನಕ್ಷತ್ರದ ಮೈಯನ್ನ ಒಳಗಿಂದ ಕೊರ್ಕೊಂಡು ಬರ್ತೈತೆ. ಶಕ್ತಿ ಸಾಲದೆ ನಡುವೆ ನಿಂತ್ರೆ ಫೇಲಾದ ಬೋರು, ಹೊರಗಿನೋರಿಗೆ ಏನೂ ಕಾಣಲ್ಲ. ಇದು ಹೊರಗೆ ಬಂತು. ಬೆಳಕಿಗೂ ಅದಕ್ಕೂ ಓಟದಾಗೆ ಕೂದಲೆಳೆ ಅಂತರ. ಅಷ್ಟು ಜೋರಾಗಿ ಬರೋದ್ರ ಬೆಳಕೆಲ್ಲ ಮುಂದಕ್ಕೇ ಬೀಳ್ತೈತೆ, ಪಕ್ಕದಾಗೆ ಇರೋರಿಗೆ ಬರೀ ಕತ್ತಲೆ. ಸಂಜೆ ಅರ್ಧ ನಿಮಿಷ ಸುರೀತಲ್ಲ, ಅಷ್ಟರಾಗೇ ನಮ್ಮ ಸೂರ್ಯ ಹುಟ್ಟಿನಿಂದ ಸಾವಿನ ತನಕ ಕೊಡೋದನ್ನೆಲ್ಲ ಮೀರಿಸೋ ಅಷ್ಟು ಕೊಡ್ತೈತೇನೋ.”

“ಐದಕ್ಕೆ ನಾನು ಅಂಗಳದಾಗೆ ಶೇಂಗಾ ಸುಲೀತಿದ್ದೆ” ಅಂದಳು ಸೂರಮ್ಮ ನಿಧಾನವಾಗಿ.

“ಹೂಂ. ಅವಾಗ ಅದು ನಮ್ಮ ಮೂಡಣ ಅಂಚಿನಾಗೆ ಆಗಲೇ ಹುಟ್ಟಿತ್ತು. ಗಾಮಾ ಕಿರಣ ನಮ್ಮ ಹಟ್ಟಿ ಮೇಲೂ ಬಂತು ಅಜ್ಜಿ. ಮೇಲಿನ ಗಾಳಿ ತಡೀತು, ಅದಕ್ಕೇ ನಿನಗೆ ಗೊತ್ತಾಗ್ಲಿಲ್ಲ. ಈಗ ನಾವು ನೋಡಿದ್ದು ಆ ಧಾರೆ ಓಡೋ ದಾರಿಯಾಗಿನ ದೂಳಿಗೆ ಗುದ್ದಿ ಹೊತ್ತಿಸಿದ ಬೆಳಕು.”

“ಅದರ ಮುಖ ಎತ್ತ ಐತೆ?”

“ನೇರ ನಮ್ಮ ಕಡೆಗೆ. ಅದಕ್ಕೇ ಕಂಡಿದ್ದು. ಇಂಥವು ದಿನಾ ನೂರಾರು ಆಗ್ತಾವೇನೋ, ನಮ್ಮ ಕಡೆ ಮುಖ ಮಾಡದೆ ಹೋಗ್ತಾವೆ. ಚೂರು, ಒಂದು ಬೆರಳಷ್ಟು ವಾಲಿದ್ರೂ ಇವತ್ತು ಇಲ್ಲಿ ಏನೂ ಇರ್ತಿರ್ಲಿಲ್ಲ. ಇನ್ನೊಂದು ಧಾರೆ ಅತ್ತ ಹೋಗೈತೆ. ಅದನ್ನ ಯಾರು ನೋಡ್ತಾರೋ, ನೋಡೋರು ಇದಾರೋ ಇಲ್ವೋ.”

ಸೂರಮ್ಮನಿಗೆ ಹೆದರಿಕೆಯಾಯಿತು, ಹೆದರಿಕೆಯೊಳಗೇ ಹೇಳಲಾರದ ಒಂದು ಸಂತೋಷವೂ ಆಯಿತು. ಅಷ್ಟು ದೊಡ್ಡದು ಸಾಯುವಾಗ ಎತ್ತಲೋ ತಿರುಗಬಹುದಿತ್ತು. ಈ ಕಣದ ಕಡೆ ತಿರುಗಿತ್ತು. ಸಂಜೆ ದೀಪ ಹಚ್ಚಿದಾಗ ಮಾಡುವಂತೆ ಅವಳು ಎರಡೂ ಕೈ ಜೋಡಿಸಿ ಕಣ್ಣಿಗೊತ್ತಿಕೊಂಡಳು.

“ಅದು ನೆಟ್ಟ ನೋಟದಾಗೆ ನಮ್ಮನ್ನೇ ನೋಡ್ತಾ ಬಂತು” ಅಂದಳು. “ನಾನು ನೋಡು, ಅದನ್ನ ಓರೆಗಣ್ಣಲ್ಲಿ ನೋಡಿದೆ.”

ಭಾನುವಾರ ಬಸ್ಸು ಬಂತು, ಹೋಯಿತು. ಚೀಲ ಗೂಟಕ್ಕೆ ತೂಗುತ್ತಲೇ ಇತ್ತು.

ಹಬ್ಬಕ್ಕೆ ತೇಜಶ್ರೀ ಮತ್ತೆ ಬಂದಳು. ಹಬ್ಬದ ಮರುದಿನ ಅಜ್ಜಿಯನ್ನು ಕರೆದುಕೊಂಡು ಕಣದ ಹಿಂದಿನ ಬಂಡೆಯ ಬುಡದಲ್ಲಿ ಕೂತು ಹೊಸ ಸುದ್ದಿ ಹೇಳಿದಳು. ಆ ಬೆಳಕು ಈಗ ಪಿರಂಗಿಗೂ ಸಿಗದಷ್ಟು ಮಂಕಾಗಿತ್ತು. ಧಾರೆ ವೇಗ ಕಳೆದುಕೊಂಡು ಅಗಲವಾಗಿ ಹರಡಿಹೋಗುತ್ತಿತ್ತು. ದೂರವನ್ನೂ ಅಳೆದಿದ್ದರು. ಅಲ್ಲಿಂದ ಹೊರಟ ಬೆಳಕು ಇಲ್ಲಿ ಮುಟ್ಟಲು ಇನ್ನೂರು ಕೋಟಿ ವರ್ಷ ಹಿಡಿದಿತ್ತು. ಅಂಥವುಗಳಲ್ಲಿ ಇದು ಹತ್ತಿರದ್ದಂತೆ! (ಇನ್ನೊಂದು ವಾರಕ್ಕೆ, ಆರುತ್ತಿದ್ದ ಅದೇ ಬೆಳಕಿನೊಳಗೆ ಸಿಡಿದು ಸತ್ತ ನಕ್ಷತ್ರದ ಗುರುತೂ ಸಿಕ್ಕಿತು, ಊಹೆ ನಿಜವಾಯಿತು. ಅವತ್ತು ಅದು ಅವರಿಗೆ ಗೊತ್ತಿರಲಿಲ್ಲ.)

“ಅದು ಹೊರಟಾಗ ನಮ್ಮ ಹಟ್ಟಿ ಇತ್ತಾ?”

“ಹಟ್ಟಿ ಇಲ್ಲ, ಕುರಿ ಇಲ್ಲ, ಹುಲ್ಲಿಲ್ಲ ಅಜ್ಜಿ. ಭೂಮಿ ಮೇಲೆ ಕಣ್ಣು ಅನ್ನೋದೇ ಹುಟ್ಟಿರ್ಲಿಲ್ಲ.”

ಸೂರಮ್ಮ ಬೆನ್ನಿಗೆ ತಾಗಿದ ಬಂಡೆಯನ್ನು ಅಂಗೈಯಿಂದ ಸವರಿದಳು. ಬಿಸಿಲು ಹೀರಿ ಅದು ಇನ್ನೂ ಬೆಚ್ಚಗಿತ್ತು. “ಇದು?”

“ಇದು ಇತ್ತು. ಆಗಲೇ ಹಳೇದಾಗಿತ್ತು.”

ಅವಳು ಬಹಳ ಹೊತ್ತು ಬಂಡೆಯ ಮೇಲಿನ ಕೈ ತೆಗೆಯಲಿಲ್ಲ. ನೋಡುವ ಕಣ್ಣೇ ಇಲ್ಲದ ಊರಿಗೆ ಆ ಬೆಳಕು ಹೊರಟುಬಂದಿತ್ತು. ಅದು ದಾರಿಯಲ್ಲಿರುವಾಗ ಹುಲ್ಲು ಹುಟ್ಟಿತು, ಕಣ್ಣು ಹುಟ್ಟಿತು, ಹಟ್ಟಿ ಹುಟ್ಟಿತು, ಅವಳೂ ಹುಟ್ಟಿದಳು. ಅವಳ ಕಣ್ಣು ಪೂರ್ತಿ ಆರುವುದಕ್ಕೆ ಮುಂಚೆ ಅದು ಬಂದು ಮುಟ್ಟಿತು.

ಹೊತ್ತು ಮುಳುಗಿತು. ಜನ ಕಣಕ್ಕೆ ಬಂದು ಪಡುವಣಕ್ಕೆ ತಿರುಗಿ ನಿಂತರು. ಎಲ್ಲ ಗೊತ್ತಿದ್ದೂ ಮೊದಲ ಮಾತಿಗೆ ಸೂರಮ್ಮನನ್ನೇ ಕಾದರು. ವೀರಮ್ಮ ಕೂಡ ಬಾಯಿ ಬಿಗಿಹಿಡಿದು ಕಾದಳು, ಅದು ಅವಳಿಗೆ ಎಷ್ಟು ಕಷ್ಟವೆಂದು ಊರಿಗೇ ಗೊತ್ತು. ಸೂರಮ್ಮ ಮುಖವನ್ನು ತುಸು ತೆಂಕಣಕ್ಕೆ ವಾಲಿಸಿ, ಖಾಲಿ ಆಕಾಶದಲ್ಲಿ ನೋಟ ನೆಟ್ಟು ನಿಂತಳು.

“ಸೂರಕ್ಕ, ಚಂದ್ರ ಬರೋದು ಇತ್ತಗೆ” ಎಂದು ವೀರಮ್ಮ ಪಿಸುಗುಟ್ಟಿದಳು.

“ಗೊತ್ತೈತೆ ಸುಮ್ಕಿರೇ. ಅವನು ಬರೋತನಕ ನಾನು ಅವನ್ನ ನೋಡಲ್ಲ.”

ಬಂದ. ಅಂಚಿನಲ್ಲಿ ಬೆಳ್ಳಗೆ, ತೆಳ್ಳಗೆ, ಕೊಂಬು ಸಮೇತ ಬಂದು ನಿಂತ. ಅವಳು ತಿರುಗಲಿಲ್ಲ. ಬೆರಳನ್ನು ಮಾತ್ರ ಎತ್ತಿ, ತಾನು ನೋಡದ ಕಡೆಗೆ ಚಾಚಿದಳು. ಬೆರಳಿನ ನೇರಕ್ಕೆ ಚಂದ್ರನಿದ್ದ. ಹಟ್ಟಿ ಕೂಗಿತು, “ಕಂಡ್ತು, ಕಂಡ್ತು!” ಆ ಸಲ ಇಬ್ಬರು ಮೂವರು “ನಂಗೆ ಇನ್ನೂ ಕಾಣ್ಲಿಲ್ಲ, ಎಲ್ಲಿ, ಎಲ್ಲಿ?” ಎಂದೂ ಕೇಳಿದರು. ಯಾರೂ ಅವರ ಬಾಯಿ ಮುಚ್ಚಿಸಲಿಲ್ಲ, ಹೆಗಲು ಹಿಡಿದು ತೋರಿಸಿಕೊಟ್ಟರು.

ಕಾಲಿಗೆ ಬೀಳುವ ಹೊತ್ತು. ಒಬ್ಬೊಬ್ಬರಾಗಿ ಬಗ್ಗಿದರು, ಸೂರಮ್ಮ ತಲೆ ಮುಟ್ಟಿ ಹರಸಿದಳು. ಕೊನೆಗೆ ತೇಜಶ್ರೀ ಬಗ್ಗಿ ಎದ್ದು ಎದುರು ನಿಂತಳು. ಸೂರಮ್ಮ ಎಂದಿನ ಅಭ್ಯಾಸದಂತೆ ಅಕ್ಕರೆಯಿಂದ ಅವಳನ್ನು ನೇರ ನೋಡಿದಳು. ಎಂದಿನಂತೆ ಅಲ್ಲಿ ಮಬ್ಬು ಕೂತಿತ್ತು. ಎರಡು ವರ್ಷ ಪ್ರೀತಿ ಹೆಚ್ಚಾದಷ್ಟೂ ನೇರ ನೋಡಿ, ನೇರ ನೋಡಿದಷ್ಟೂ ಈ ಮುಖವನ್ನು ತಾನೇ ಕಳೆದುಕೊಂಡೆನಲ್ಲ ಎಂದು ಅವಳಿಗೆ ಆಗ ಹೊಳೆಯಿತು.

ಅವಳು ಮುಖ ತಿರುಗಿಸಿ, ಹುಡುಗಿಯ ಹೆಗಲಾಚೆಯ ಬಂಡೆಯ ಮೇಲೆ ನೋಟ ಇಟ್ಟು ಕಾದಳು. ಮಬ್ಬು ಜರುಗಿತು. ಅಂಚಿನಲ್ಲಿ ಮಸುಕಾಗಿ ಒಂದು ಗದ್ದ, ಒಂದು ನಗು, ಮೂಗಿನ ಮೇಲೆ ಜಾರಿ ಕೂತ ಕನ್ನಡಕ ಬಂದು ನಿಂತವು.

“ಯಾಕಜ್ಜಿ, ಅತ್ತ ತಿರುಗಿದೆ? ಮುನಿಸಾ?” ಅಂದಳು ತೇಜಶ್ರೀ.

“ಸುಮ್ಕಿರು, ಅಲ್ಲಾಡಬ್ಯಾಡ” ಅಂದಳು ಸೂರಮ್ಮ. ಆಮೇಲೆ ಮೆಲ್ಲಗೆ, ಅವಳೊಬ್ಬಳಿಗೇ ಕೇಳುವ ಹಾಗೆ ಅಂದಳು, “ಕಂಡ್ತು.”